ದೋಣಿಯಲ್ಲಿ ಹೇಳಬೇಕಾದ ಮಾತು

ಸೆನ್ಯಾ ದ್ವೀಪ, ನಾರ್ವೆ
8 ಜೂನ್ 2025, ಭಾನುವಾರ

ಪ್ರಿಯ ವೇದಾ,

ಕೊನೆಯ ಸಲ ನಿನಗೆ ಕಾಗದ ಬರೆದದ್ದು ಮದುವೆಗೆ ಮುಂಚೆ, ಚಾಮರಾಜಪೇಟೆಯಿಂದ ಮೈಸೂರಿಗೆ. ಮೂವತ್ತೈದು ವರ್ಷದ ಮೇಲೆ ಮತ್ತೆ ಬರೆಯುತ್ತಿದ್ದೇನೆ, ಕಾರಣ ಮಾತ್ರ ಅಷ್ಟು ಚೆಂದದ್ದಲ್ಲ. ನಿನ್ನೆ ದೋಣಿ ಹತ್ತುವಾಗ ನನ್ನ ಫೋನು ಜೇಬಿನಿಂದ ಜಾರಿ ಸಮುದ್ರಕ್ಕೆ ಬಿತ್ತು. ನೀರು ಎಷ್ಟು ತಿಳಿಯಾಗಿದೆಯೆಂದರೆ ಅದು ಕೆಳಗಿಳಿಯುವುದು ತುಂಬಾ ಹೊತ್ತು ಕಾಣುತ್ತಲೇ ಇತ್ತು. ಇಲ್ಲಿಯ ಮನೆಗಳ ಒಡತಿ ಇಂಗರ್ ತನ್ನ ಕಂಪ್ಯೂಟರ್ ಕೊಟ್ಟಳು. ಈಮೇಲ್ ತೆರೆಯಲು ಹೋದರೆ, ನಿಮ್ಮ ಫೋನಿಗೆ ಒಂದು ಕೋಡ್ ಕಳಿಸಿದ್ದೇವೆ, ಅದನ್ನು ಹಾಕಿ ಅನ್ನುತ್ತದೆ. ಮೂವತ್ತು ವರ್ಷ ಬ್ಯಾಂಕಿನವರ ಕಂಪ್ಯೂಟರುಗಳಿಗೆ ಇಂಥ ಬೀಗಗಳನ್ನೇ ಮಾಡಿಕೊಟ್ಟವನು ನಾನು. ಈಗ ನಾನೇ ಹೊರಗೆ ನಿಂತಿದ್ದೇನೆ.

ಝೇವಿಯರ್ ಅವರ ಫೋನಿದೆ, ನಿಜ. ಊಟ ಆಯಿತು, ನಿದ್ದೆ ಬಂತು ಅನ್ನುವುದನ್ನು ಅದರಲ್ಲಿ ಹೇಳಬಹುದು. ಆದರೆ ನಾವಿಬ್ಬರೂ ಇರುವುದು ಒಂದೇ ಕೋಣೆಯ ಮರದ ಮನೆಯಲ್ಲಿ. ಅವರ ಫೋನಿನಲ್ಲಿ, ಅವರ ಎದುರಿಗೇ, ಅವರ ಮಗನ ವಿಷಯವನ್ನು ನಿನ್ನ ಹತ್ತಿರ ಹೇಗೆ ಮಾತಾಡಲಿ? ಅದಕ್ಕೇ ಕಾಗದ. ಅಂಚೆ ಇಲ್ಲಿಂದ ದಿನ ಬಿಟ್ಟು ದಿನ ಹೋಗುತ್ತದಂತೆ. ನೀನೂ ಕಾಗದವೇ ಬರೆ. ವಿಳಾಸವನ್ನು ಝೇವಿಯರ್ ತಮ್ಮ ಮನೆಯವರಿಗೆ ಹೇಳಿದ್ದಾರೆ, ಅವರು ನಿನಗೆ ತಿಳಿಸುತ್ತಾರೆ.

ಮನೆ ಕೆಂಪು ಬಣ್ಣದ್ದು. ಅರ್ಧ ಬಂಡೆಯ ಮೇಲೆ, ಅರ್ಧ ನೀರಿನಲ್ಲಿ ನಿಂತ ಕಂಬಗಳ ಮೇಲೆ. ಝೇವಿಯರ್ ಪ್ರತಿ ಜೂನ್‌ನಲ್ಲಿ ಬಂದು ಉಳಿಯುವುದು ಇದರಲ್ಲೇ. ಜೊತೆಗೆ ಬರುತ್ತಿದ್ದ ಗ್ರೀನ್‌ಫರ್ಡಿನ ಗೆಳೆಯನಿಗೆ ಈ ವರ್ಷ ಮಂಡಿಯ ಆಪರೇಷನ್ ಆಯಿತಲ್ಲ, ಆ ಮಂಚ ಈಗ ನನ್ನದು. ಸೂರ್ಯ ಮುಳುಗುವುದೇ ಇಲ್ಲ, ಕಿಟಕಿಗೆ ಕಂಬಳಿ ಕಟ್ಟಿ ಮಲಗುತ್ತೇವೆ. ಈ ಊರಿನಲ್ಲಿ ಮೀನು ಹಿಡಿಯದವರು ನಾನೊಬ್ಬನೇ ಇರಬೇಕು. ಅಂಗಡಿಯ ಹುಡುಗಿ, ಶಾಲೆಯ ಮೇಷ್ಟರು, ಪಾದ್ರಿ, ಎಲ್ಲರ ಮನೆಯ ಮುಂದೂ ಒಂದು ದೋಣಿ. ಯಾರ ಜಮೀನಿನಲ್ಲಿ ಬೇಕಾದರೂ ನಡೆದು ಹೋಗಬಹುದಂತೆ, ಬೇಲಿ ಮುರಿಯದಿದ್ದರೆ ಸಾಕು, ಯಾರೂ ಕೇಳುವುದಿಲ್ಲ.

ಊಟದ ಚಿಂತೆ ಮಾಡಬೇಡ. ನೀನು ಕಟ್ಟಿಕೊಟ್ಟ ಅವಲಕ್ಕಿ, ಚಟ್ನಿಪುಡಿ, ಗೊಜ್ಜು ಎಲ್ಲ ಇದೆ. ಝೇವಿಯರ್ ತಮ್ಮ ಮೀನನ್ನು ಹೊರಗಡೆ, ಬೇರೆ ಒಲೆಯಲ್ಲಿ ಹುರಿದು, ಮೆಟ್ಟಿಲ ಮೇಲೆ ಕೂತು ತಿನ್ನುತ್ತಾರೆ. ನಾನು ಕೇಳಿರಲಿಲ್ಲ. ಬಂದ ದಿನದಿಂದ ಅವರಾಗಿಯೇ ಹಾಗೆ ಮಾಡಿದರು.

ಆ ಮಾತಿಗೆ ಇನ್ನೂ ಸಮಯ ಕೂಡಿಬಂದಿಲ್ಲ.

ನಿನ್ನ,
ಉದಯ


ಸ್ಟ್ಯಾನ್ಮೋರ್, ಲಂಡನ್
9 ಜೂನ್ 2025

ಶ್ರೀಯುತರಿಗೆ ನಮಸ್ಕಾರ.

ಗ್ರೀನ್‌ಫರ್ಡಿನಿಂದ ಝೇವಿಯರ್ ಅವರ ಹೆಂಡತಿ ಫೋನ್ ಮಾಡಿ ನಿಮ್ಮ ಫೋನು ನೀರುಪಾಲಾದದ್ದನ್ನು ತಿಳಿಸಿದರು. ನನ್ನ ಗಂಡ ಏನು ಮಾಡಿಕೊಂಡರು ಅನ್ನುವುದು ನನಗೆ ವೈಲೆಟ್ ಅವರ ಬಾಯಿಂದ ಗೊತ್ತಾಗಬೇಕು. ಆಗಲಿ. ವಿಳಾಸ ಬರೆದುಕೊಂಡಿದ್ದೇನೆ.

ನೀವು ಅಲ್ಲಿಗೆ ಹೋದದ್ದು ಮೀನಿಗಲ್ಲ ಅನ್ನುವುದು ನೆನಪಿರಲಿ. ಸಿರಿಶಾ ನಿಮ್ಮನ್ನು ಕಳಿಸಿದ್ದು ನೀವಿಬ್ಬರು ಅಪ್ಪಂದಿರು ಸ್ನೇಹಿತರಾಗಿ ಬರಲಿ ಅಂತ. ನಾನು ಹೋಗಿ ಅಂದದ್ದು ಬೇರೆ ಕಾರಣಕ್ಕೆ. ಮಕ್ಕಳ ಎದುರು ಬೇಡ, ಹೆಂಗಸರ ನಡುವೆ ಬೇಡ, ಗಂಡಸರಿಬ್ಬರೇ ಇರುವಾಗ ಮರ್ಯಾದೆಯಿಂದ ಹೇಳಿಬಿಡಿ. ನಿಮ್ಮ ಎಲ್ರಾಯ್ ಒಳ್ಳೆಯ ಹುಡುಗ, ಆದರೆ ಈ ಸಂಬಂಧ ನಮಗೆ ಬೇಡ. ಇಷ್ಟೇ ಮಾತು. ಅವರ ಪದ್ಧತಿ ಬೇರೆ, ನಮ್ಮದು ಬೇರೆ. ಅವನ ತಾಯಿ ಚರ್ಚಿನಲ್ಲೇ ಮದುವೆಯಾಗಬೇಕು ಅಂತಿದ್ದಾರೆ ಅಂತ ಕೇಳಿದ್ದೇನೆ. ನಾಳೆ ಇನ್ನೂ ಏನೇನೋ.

ನನಗೆ ಈ ವಿಷಯ ಯಾರು ಹೇಳಿದರು ಅನ್ನುವುದನ್ನು ನೀವು ಮರೆತಿರಬಹುದು, ನಾನು ಮರೆತಿಲ್ಲ. ಹ್ಯಾರೋ ಹಾಲಿನಲ್ಲಿ ಯುಗಾದಿ ಊಟ. ವಿಭಾ ನನ್ನ ಎಲೆಗೆ ಹೋಳಿಗೆ ಬಡಿಸುತ್ತಾ, ಏನ್ ವೇದಾ, ಕೊಲಿಂಡೇಲ್‌ನಲ್ಲಿ ಅಳಿಯನ ಜೊತೆ ಮಗಳನ್ನು ನೋಡಿದೆ, ಒಳ್ಳೆ ಜೋಡಿ ಅಂದಳು. ಅಕ್ಕಪಕ್ಕದ ಎಲೆಯವರೆಲ್ಲ ತಿರುಗಿ ನೋಡಿದರು. ನಾನು ನಗುತ್ತಾ ತುಪ್ಪ ಹಾಕಿಸಿಕೊಂಡೆ. ಆ ಹೋಳಿಗೆಯ ರುಚಿ ಹೇಗಿತ್ತೋ ದೇವರಿಗೇ ಗೊತ್ತು.

ಸಿರಿಶಾ ಶನಿವಾರ ಬಂದಿದ್ದಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು, ಟೀ ಕುಡಿದು ಹೋದಳು. ಆ ಮಾತು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಈ ವಾರ ಆಫೀಸಿನ ಕೆಲಸಕ್ಕೆ ಎಡಿನ್‌ಬರೋಗೆ ಹೋಗಿದ್ದಾಳೆ.

ಈ ಕಾಗದ ತಲುಪುವ ಹೊತ್ತಿಗೆ ಹೇಳಿಯಾಗಿದ್ದರೆ ಸರಿ. ಇಲ್ಲದಿದ್ದರೆ ತಲುಪಿದ ಮೇಲಾದರೂ ಹೇಳಿ. ಬರುವಾಗ ಅಲ್ಲಿಯ ಉಣ್ಣೆಯ ಸ್ವೆಟರ್ ಒಂದು ತನ್ನಿ, ನೀಲಿಯದು.

ಇಂತಿ,
ವೇದವತಿ


ಸೆನ್ಯಾ
14 ಜೂನ್ 2025

ಪ್ರಿಯ ವೇದಾ,

ನಿನ್ನ ಕಾಗದ ಇನ್ನೂ ಬಂದಿಲ್ಲ. ಬರೆದಿಲ್ಲವೋ, ದಾರಿಯಲ್ಲಿದೆಯೋ ತಿಳಿಯದು. ಫೋನಿನಲ್ಲಿ ಮಾತ್ರ ದಿನಾ ‘ಚೆನ್ನಾಗಿದ್ದೀನಿ’ ಅಂತೀಯ. ನಾನೂ ಅಷ್ಟೇ ಹೇಳುತ್ತೇನೆ.

ನಿನಗೆ ಒಂದು ವಿಷಯ ಹೇಳಿಬಿಡಬೇಕು. ನಾನು ಮೀನು ಹಿಡಿದೆ.

ಮೊದಲ ನಾಲ್ಕು ದಿನ ಸುಮ್ಮನೆ ದೋಣಿಯಲ್ಲಿ ಕೂತು ಬೆಟ್ಟ ನೋಡುತ್ತಿದ್ದೆ. ಬೆಟ್ಟಗಳು ಇಲ್ಲಿ ನೇರ ನೀರಿನಿಂದಲೇ ಎದ್ದಿವೆ, ತುದಿಯಲ್ಲಿ ಇನ್ನೂ ಹಿಮ. ಐದನೆಯ ದಿನ ಝೇವಿಯರ್, ಉದಯಣ್ಣ, ನಾನು ಚಹಾ ಬಗ್ಗಿಸುವವರೆಗೆ ಇದನ್ನೊಂದು ಹಿಡ್ಕೊಳ್ಳಿ ಅಂತ ಗಾಳವನ್ನು ನನ್ನ ಕೈಗೆ ಕೊಟ್ಟರು. ಕೊಟ್ಟು ಒಂದು ನಿಮಿಷ ಆಗಿಲ್ಲ, ಕೆಳಗಿನಿಂದ ಯಾರೋ ಜಗ್ಗಿದ ಹಾಗಾಯಿತು. ಕೋಲು ಬಗ್ಗಿ ನೀರು ಮುಟ್ಟಿತು. ಬಿಡಬೇಡಿ ಅಂತ ಅವರು, ಏನು ಮಾಡಲಿ ಅಂತ ನಾನು. ಹತ್ತು ನಿಮಿಷ ಸುತ್ತಿ ಸುತ್ತಿ ಮೇಲೆ ತಂದರೆ ಒಂದು ಕಾಡ್ ಮೀನು, ನನ್ನ ತೋಳಿನಷ್ಟು ಉದ್ದ, ಹೊಟ್ಟೆ ಬೆಳ್ಳಗೆ, ಗದ್ದದಲ್ಲಿ ಒಂದೇ ಒಂದು ಮೀಸೆ. ಅದು ನನ್ನನ್ನೇ ನೋಡುತ್ತಿತ್ತು. ಪಾಪ ಅನ್ನಿಸಿತು. ಸುಳ್ಳು ಹೇಳಬಾರದು, ಸಂತೋಷವೂ ಆಯಿತು. ಎರಡೂ ಒಟ್ಟಿಗೆ ಹೇಗಾಗುತ್ತವೆಯೋ ಕಾಣೆ. ಝೇವಿಯರ್ ನನ್ನ ಮುಖ ನೋಡಿ, ಕೊಕ್ಕೆ ಬಿಡಿಸಿ ಅದನ್ನು ನೀರಿಗೆ ಬಿಟ್ಟುಬಿಟ್ಟರು. ಆ ದಿನ ಅವರಿಗೆ ಬೇರೆ ಏನೂ ಸಿಗಲಿಲ್ಲ. ಮೆಟ್ಟಿಲ ಮೇಲೆ ಕೂತು ನನ್ನ ಜೊತೆ ಅವಲಕ್ಕಿ ತಿಂದರು.

ಅವರು ಉಡುಪಿಯ ಹತ್ತಿರ ಕೆಮ್ಮಣ್ಣಿನವರು. ತೆಂಗಿನ ತೋಟದ ಹಿಂದೆ ಹೊಳೆಯಂತೆ, ಚಿಕ್ಕಂದಿನಲ್ಲಿ ಅಲ್ಲೇ ಗಾಳ ಹಾಕಿ ಕಲಿತದ್ದಂತೆ. ಗ್ರೀನ್‌ಫರ್ಡಿನ ಬ್ರೆಡ್ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ, ಅದರಲ್ಲಿ ಹೆಚ್ಚಿನದು ರಾತ್ರಿ ಪಾಳಿ. ಅಷ್ಟು ವರ್ಷ ಬೆಳಕು ಕಾಣದೆ ದುಡಿದದ್ದಕ್ಕೆ ಈಗ ಕತ್ತಲೆಯೇ ಇಲ್ಲದ ಊರಿಗೆ ರಜೆಗೆ ಬರುತ್ತೇನೆ ಅನ್ನುತ್ತಾರೆ. ಮಾತು ಕಡಿಮೆ. ಜೊತೆಗೆ ಸುಮ್ಮನೆ ಕೂರುವುದಕ್ಕೆ ಇಷ್ಟು ಹಿತವಾದ ಮನುಷ್ಯನನ್ನು ನಾನು ಆಫೀಸಿನಲ್ಲೂ ಕಂಡಿಲ್ಲ, ನೆಂಟರಲ್ಲೂ ಕಂಡಿಲ್ಲ.

ಆ ವಿಷಯ ಇನ್ನೂ ತೆಗೆದಿಲ್ಲ. ದಿನಾ ಬೆಳಿಗ್ಗೆ ಇವತ್ತು ಅಂದುಕೊಳ್ಳುತ್ತೇನೆ. ನನಗೆ ಹೇಗೆ ಶುರು ಮಾಡಬೇಕೆಂದೇ ಗೊತ್ತಾಗುತ್ತಿಲ್ಲ. ಅವರಿಗೂ ಏನೋ ಮನಸ್ಸಿನಲ್ಲಿದೆ, ಎರಡು ಸಲ ಗಂಟಲು ಸರಿಮಾಡಿಕೊಂಡು ಸುಮ್ಮನಾದರು. ಬಹುಶಃ ಮದುವೆ ಯಾವಾಗ ಇಟ್ಟುಕೊಳ್ಳೋಣ ಅಂತ ಕೇಳುವುದಕ್ಕೆ. ಅದನ್ನು ನೆನೆಸಿಕೊಂಡರೆ ನನಗೆ ಇನ್ನಷ್ಟು ಕಷ್ಟವಾಗುತ್ತದೆ.

ನಿನ್ನ,
ಉದಯ


ಸ್ಟ್ಯಾನ್ಮೋರ್
17 ಜೂನ್ 2025

ಶ್ರೀಯುತರಿಗೆ ನಮಸ್ಕಾರ.

ನಿಮ್ಮ ಎಂಟನೇ ತಾರೀಕಿನ ಕಾಗದ ನಿನ್ನೆ ಬಂತು. ನನ್ನ ಬಲಗೈ ಸ್ವಲ್ಪ ಸಮ ಇಲ್ಲ. ಗಾಬರಿ ಪಡುವಂಥದ್ದೇನೂ ಅಲ್ಲ. ಆದ್ದರಿಂದ ಇದನ್ನು ಪಕ್ಕದ ರಸ್ತೆಯ ಜಾಹ್ನವಿಯ ಕೈಯಲ್ಲಿ ಬರೆಸುತ್ತಿದ್ದೇನೆ. ಅಕ್ಷರ ಬೇರೆಯಾಗಿದೆ ಅಂತ ಯೋಚನೆ ಮಾಡಬೇಡಿ.

ನಾನು ಒಂಬತ್ತನೇ ತಾರೀಕು ಬರೆದ ಕಾಗದ ನಿಮಗೆ ಸಿಕ್ಕಿದ್ದರೆ ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಝೇವಿಯರ್ ಅವರ ಹತ್ತಿರ ಆ ಮಾತು ತೆಗೆಯಬೇಡಿ. ಯಾಕೆ ಅಂತ ಈಗ ಕೇಳಬೇಡಿ, ಬಂದ ಮೇಲೆ ಹೇಳುತ್ತೇನೆ. ಈಗಾಗಲೇ ಹೇಳಿಬಿಟ್ಟಿದ್ದರೆ ಏನು ಮಾಡುವುದು ಅಂತ ಎರಡು ದಿನದಿಂದ ನನಗೆ ಒಂದೇ ಯೋಚನೆ. ನಾಳೆ ಅವರ ಫೋನಿಗೇ ಮಾಡಿ, ಅವರಿಗೆ ತಿಳಿಯದ ಹಾಗೆ ನಿಮಗೊಂದು ಸೂಚನೆ ಕೊಡಬೇಕು ಅಂತಿದ್ದೇನೆ.

ಅಲ್ಲಿ ಚಳಿಯಂತೆ. ಕಿವಿ ಮುಚ್ಚಿಕೊಳ್ಳಿ. ಅವರು ಹೊರಗೆ ಮೆಟ್ಟಿಲ ಮೇಲೆ ಕೂತು ಊಟ ಮಾಡುತ್ತಾರೆ ಅಂತ ಬರೆದಿದ್ದೀರಿ. ಅದನ್ನು ಓದಿ ನನಗೆ ನಾಚಿಕೆಯಾಯಿತು. ಒಳಗೆ ಕರೆಯಿರಿ. ವಾಸನೆಯಿಂದ ಯಾರೂ ಸಾಯುವುದಿಲ್ಲ.

ಇಂತಿ,
ವೇದವತಿ


ಸೆನ್ಯಾ
18 ಜೂನ್ 2025

ಪ್ರಿಯ ವೇದಾ,

ನಿನ್ನ ಒಂಬತ್ತನೇ ತಾರೀಕಿನ ಕಾಗದ ನಿನ್ನೆ ಕೈಸೇರಿತು. ಎರಡು ಸಲ ಓದಿದೆ. ಯುಗಾದಿ ಊಟದ ಆ ಮಾತು ನಿನಗೆ ಇಷ್ಟು ಆಳಕ್ಕೆ ಹೋಗಿದೆ ಅಂತ ನಾನು ತಿಳಿದಿರಲಿಲ್ಲ. ತಿಳಿಯಬೇಕಿತ್ತು.

ಇವತ್ತು ಬೆಳಿಗ್ಗೆ ನೀನು ಫೋನ್ ಮಾಡಿದಾಗ ದೋಣಿಯಲ್ಲಿದ್ದೆವು. ಎಂಜಿನ್ ಸದ್ದು, ಗಾಳಿ. ‘ನಾನು ಹೇಳಿದ್ದು ಬೇಡ, ತಿಳೀತಾ, ಬೇಡ’ ಅಂತ ನೀನು ಅಂದೆ. ತಿಳಿಯಿತು. ಸ್ವೆಟರ್ ಬೇಡ ಅಂದರೆ ಬಿಡುತ್ತೇನೆ, ಆದರೆ ಇಲ್ಲಿಯ ಅಂಗಡಿಯಲ್ಲಿ ಒಂದು ನೀಲಿ ಸ್ವೆಟರ್ ನೋಡಿಟ್ಟಿದ್ದೆ, ನಿನಗೆ ಒಪ್ಪುತ್ತಿತ್ತು. ನಿನ್ನ ದನಿ ಯಾಕೋ ಆತಂಕದಲ್ಲಿತ್ತು. ನಾನು ಇನ್ನೂ ಹೇಳಿಲ್ಲ ಅಂತ ಸಿಟ್ಟಾಗಿದ್ದೀಯ ಅಂದುಕೊಂಡೆ.

ಸಿಟ್ಟು ನ್ಯಾಯವೇ. ಹನ್ನೊಂದು ದಿನ ಅವರ ಚಹಾ ಕುಡಿದು, ಅವರ ದೋಣಿಯಲ್ಲಿ ಕೂತು, ಮನಸ್ಸಿನಲ್ಲಿ ಇದನ್ನು ಇಟ್ಟುಕೊಂಡು ತಿರುಗುವುದು ನನಗೂ ಸರಿ ಕಾಣುತ್ತಿಲ್ಲ. ನಾಳೆ ಹೇಳುತ್ತೇನೆ. ಮನೆಯೊಳಗೆ ಬೇಡ. ಹೇಳಿದ ಮೇಲೆ ಅದೇ ಕೋಣೆಯಲ್ಲಿ ಮುಖ ನೋಡಿಕೊಂಡಿರುವುದು ಕಷ್ಟ. ದೋಣಿಯಲ್ಲಾದರೆ ನೋಡುವುದಕ್ಕೆ ನೀರಾದರೂ ಇರುತ್ತದೆ.

ನಿನ್ನ,
ಉದಯ


ಸೆನ್ಯಾ
20 ಜೂನ್ 2025

ಪ್ರಿಯ ವೇದಾ,

ಹೇಳಿದೆ.

ನಿನ್ನೆ ಮಧ್ಯಾಹ್ನ. ಗಾಳಿ ನಿಂತು ನೀರು ಎಣ್ಣೆಯ ಹಾಗೆ ನುಣ್ಣಗಿತ್ತು. ಎಂಜಿನ್ ಆರಿಸಿ ಇಬ್ಬರೂ ಗಾಳ ಬಿಟ್ಟು ಕೂತಿದ್ದೆವು. ನಾನು ಬೆಟ್ಟದ ಕಡೆ ನೋಡಿಕೊಂಡು, ಎಲ್ರಾಯ್ ಒಳ್ಳೆಯ ಹುಡುಗ ಅಂತ ಶುರು ಮಾಡಿದೆ. ನೀನು ಹೇಳಿಕೊಟ್ಟ ಹಾಗೆಯೇ. ನಮ್ಮ ಪದ್ಧತಿ, ನಿಮ್ಮ ಪದ್ಧತಿ, ವೇದಾಳ ಮನಸ್ಸು, ಎಲ್ಲ ಹೇಳಿ ಕೊನೆಗೆ, ಈ ಸಂಬಂಧ ಬೇಡ ಅಂತ ನಮಗೆ ಅನ್ನಿಸುತ್ತದೆ ಅಂದೆ.

ಅವರು ಗಾಳವನ್ನು ಮೆಲ್ಲಗೆ ಸುತ್ತಿ ದೋಣಿಯೊಳಗೆ ಮಲಗಿಸಿದರು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಹೇಳಿದರು:

“ನಾನು ಕೂಡ ಅದನ್ನೇ ಹೇಳಲಿಕ್ಕೆ ಬಂದದ್ದು ಮಾರಾಯ್ರೆ. ಹನ್ನೆರಡು ದಿನದಿಂದ ಬಾಯಿ ಬರ್ಲಿಲ್ಲ.”

ವೈಲೆಟ್ ಅವರು ಖಡಾಖಂಡಿತವಾಗಿ ಹೇಳಿ ಕಳಿಸಿದ್ದಾರಂತೆ. ಇಗರ್ಜಿಯಲ್ಲಿ ಮದುವೆ ಆಗುವುದಾದರೆ ಸರಿ, ಇಲ್ಲದಿದ್ದರೆ ಈ ಸಂಬಂಧ ಬೇಡ, ಗಂಡಸರಿಬ್ಬರೇ ಇರುವಾಗ ಮರ್ಯಾದೆಯಿಂದ ಮುಗಿಸಿ ಬನ್ನಿ ಅಂತ. ನನ್ನ ಬ್ಯಾಗಿನಲ್ಲಿ ನೀನು ಇಟ್ಟ ಮಾತು, ಅವರ ಬ್ಯಾಗಿನಲ್ಲಿ ಅವರ ಮನೆಯವರು ಇಟ್ಟ ಮಾತು. ಎರಡೂ ಒಂದೇ. ನಾವು ಎರಡು ವಾರ ಅದರ ಮೇಲೆ ಕೂತು ಪರಸ್ಪರ ಉಪಚಾರ ಮಾಡುತ್ತಿದ್ದೆವು.

ಮೊದಲು ಅವರು ನಕ್ಕರು. ಆಮೇಲೆ ನನಗೂ ತಡೆಯಲಾಗಲಿಲ್ಲ. ದೋಣಿ ಅಲ್ಲಾಡಿತು. ನಗು ನಿಂತ ಮೇಲೆ ಅವರು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟು ಕೇಳಿದರು: “ವೇದಕ್ಕನ ಮಾತು ಹೇಳಿದ್ರಿ. ನಿಮಗೆ ಎಂತ ಅನ್ನಿಸ್ತದೆ?”

ವೇದಾ, ಈ ಪ್ರಶ್ನೆಯನ್ನು ನೀನು ನನಗೆ ಕೇಳಲಿಲ್ಲ, ಕೇಳದಿರಲಿ ಅಂತ ನಾನೂ ಸುಮ್ಮನಿದ್ದೆ. ಅವರಿಗೆ ಹೇಳಿದ್ದನ್ನು ನಿನಗೂ ಹೇಳುತ್ತೇನೆ. ಕಳೆದ ಡಿಸೆಂಬರಿನಲ್ಲಿ ಕಪಾಟು ಜೋಡಿಸಿಕೊಡಲು ಕೊಲಿಂಡೇಲಿನ ಫ್ಲ್ಯಾಟಿಗೆ ಹೋಗಿದ್ದೆನಲ್ಲ, ಬಾಗಿಲು ತೆರೆದವನು ಎಲ್ರಾಯ್. ಸಿರಿಶಾಗೆ ಜ್ವರ. ಅವನು ಒಲೆಯ ಮುಂದೆ ಮೆಣಸಿನ ಸಾರು ಮಾಡುತ್ತಿದ್ದ. ಉಪ್ಪು ಹೆಚ್ಚಾಗಿತ್ತು. ಅವಳು ಮುಖ ಕಿವುಚದೆ ಪೂರ್ತಿ ಕುಡಿದಳು. ಅವತ್ತೇ ನನಗೆ ಎಲ್ಲ ಹೇಳಿದಳು. ಅಮ್ಮನಿಗೆ ನಾನೇ ಹೇಳುತ್ತೇನೆ, ಅಲ್ಲಿಯವರೆಗೆ ಸುಮ್ಮನಿರು ಅಂದಳು. ಸುಮ್ಮನಿದ್ದೆ. ಯುಗಾದಿ ಬಂತು, ವಿಭಾ ಹೇಳಿದಳು. ಆಮೇಲೂ ನನಗೆ ಮೊದಲೇ ಗೊತ್ತಿತ್ತು ಅನ್ನುವುದನ್ನು ನಿನ್ನ ಹತ್ತಿರ ಬಾಯಿಬಿಡಲಿಲ್ಲ. ಅದು ಅವಳಿಗೆ ಕೊಟ್ಟ ಮಾತಿಗಾಗಿ ಅಲ್ಲ, ನಿನಗೆ ಹೆದರಿ.

ನನಗೆ ಆ ಹುಡುಗ ಇಷ್ಟ. ಝೇವಿಯರ್ ಅವರಿಗೆ ನಮ್ಮ ಹುಡುಗಿ ಇಷ್ಟ. ನಿನ್ನ ಮಾತನ್ನು ಮುಟ್ಟಿಸಿದೆ. ಆಮೇಲೆ ನನ್ನ ಮಾತನ್ನೂ ಹೇಳಿದೆ. ಸಿಟ್ಟು ಮಾಡಬೇಕಿದ್ದರೆ ನನ್ನ ಮೇಲೆ ಮಾಡು, ಅವಳ ಮೇಲೆ ಬೇಡ.

ಉದಯ


ಸೆನ್ಯಾ
24 ಜೂನ್ 2025

ಪ್ರಿಯ ವೇದಾ,

ಇದು ನನಗಿಂತ ಮೊದಲು ನಿನ್ನನ್ನು ಮುಟ್ಟುತ್ತದೋ ಇಲ್ಲವೋ, ಆದರೂ ಬರೆಯದೆ ಇರಲಾರೆ.

ನಿನ್ನೆ ಇಲ್ಲಿ ಹಬ್ಬ. ನಡುಬೇಸಗೆಗೆ ಸಮುದ್ರದ ದಂಡೆಯಲ್ಲಿ ದೊಡ್ಡ ಬೆಂಕಿ ಹಾಕುತ್ತಾರೆ. ಊರಿನವರೆಲ್ಲ ಮನೆಯಿಂದ ಒಂದೊಂದು ತಿನಿಸು ತಂದಿದ್ದರು. ನಾನು ಉಳಿದಿದ್ದ ಗೊಜ್ಜಿನಲ್ಲಿ ಅನ್ನ ಕಲಸಿಕೊಂಡು ಹೋದೆ. ಪಾದ್ರಿ ಮೂರು ಸಲ ಹಾಕಿಸಿಕೊಂಡರು, ಕಣ್ಣಲ್ಲಿ ನೀರು ಬಂದರೂ ನಿಲ್ಲಿಸಲಿಲ್ಲ. ಅಲ್ಲಿಗೇ ಇಂಗರ್ ಅಂಚೆ ತಂದುಕೊಟ್ಟಳು. ನಿನ್ನ ಹದಿನೇಳನೇ ತಾರೀಕಿನ ಕಾಗದ.

ಬೆಂಕಿಯ ಪಕ್ಕದಲ್ಲೇ ಓದಿದೆ. ಹೇಳಬೇಡಿ ಅಂತ ನೀನು ಬರೆದಿದ್ದೀಯ, ನಾನು ಹೇಳಿ ನಾಲ್ಕು ದಿನವಾಗಿದೆ. ಅವತ್ತು ಫೋನಿನಲ್ಲಿ ಬೇಡ ಅಂದದ್ದು ಸ್ವೆಟರ್ ಅಲ್ಲ ಅಂತ ಆಗ ಹೊಳೆಯಿತು. ಆದರೆ ನನ್ನನ್ನು ಕಾಡಿದ್ದು ಕೈಯ ವಿಷಯ. ‘ಸಮ ಇಲ್ಲ’ ಅಂತಿದೆ. ನೀನು ಮೈಸೂರಿನವಳು, ಹಾಗೆ ಹೇಳುವವಳಲ್ಲ. ಜಾಹ್ನವಿ ಬೆಳೆದದ್ದು ದೆಹಲಿಯಲ್ಲಿ, ಅವಳಿಗೆ ಕನ್ನಡ ಬರೆಯಲು ಬರುವುದೇ ಅನುಮಾನ. ಕಾಗದವನ್ನು ಝೇವಿಯರ್ ಅವರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಮೊದಲ ಸಾಲು ನೋಡಿದರು, ಮುಂದೆ ಓದಲಿಲ್ಲ.

“ಇದು ವೈಲೆಟ್ ಅಕ್ಷರ” ಅಂದರು. “ಕಾನ್ವೆಂಟಿನಲ್ಲಿ ಸಿಸ್ಟರ್ ಬೆರಳಿಗೆ ಹೊಡೆದು ಕಲಿಸಿದ ಅಕ್ಷರ. ಮೂವತ್ತಾರು ವರ್ಷದಿಂದ ನೋಡ್ತಾ ಇದ್ದೇನೆ.”

ಆಗಲೇ ನಿನಗೆ ಫೋನ್ ಮಾಡಿದೆವು. ನಿನ್ನ ಫೋನನ್ನು ಎತ್ತಿದವರೂ ವೈಲೆಟ್ ಅವರೇ. ನೀನು ಮಲಗಿದ್ದೀಯ, ಮಣಿಕಟ್ಟು ಮುರಿದು ಹನ್ನೆರಡು ದಿನ ಆಯಿತು, ಪ್ಲಾಸ್ಟರ್ ಹಾಕಿದ್ದಾರೆ, ಗುಣ ಆಗ್ತಾ ಉಂಟು ಅಂದರು. ನಾಳೆಯೇ ಹೊರಟು ಬರುತ್ತೇನೆ ಅಂದೆ. ಬಂದು ನೀವು ಮಾಡುವುದು ಎಂತದ್ದು, ಅಂದರು. ವೇದಕ್ಕ ಬರೀತಾರಂತೆ, ಅದರಲ್ಲಿ ಎಲ್ಲ ಉಂಟು ಅಂತ ಹೇಳಿ ಇಟ್ಟುಬಿಟ್ಟರು.

ನಿನ್ನ ನೋವು ನನಗೆ ತಿಳಿಯದೆ ಹೋಯಿತಲ್ಲ ಅಂತ ಸಂಕಟ. ಅಲ್ಲಿ ನಿನ್ನ ಪಕ್ಕ ಯಾರಿದ್ದಾರೆ ಅಂತ ಗೊತ್ತಾಗಿ ಸಮಾಧಾನ. ಶನಿವಾರ ಬೆಳಗಿನ ವಿಮಾನ. ಬರುತ್ತೇನೆ.

ನಿನ್ನ,
ಉದಯ


ಸ್ಟ್ಯಾನ್ಮೋರ್
28 ಜೂನ್ 2025, ಶನಿವಾರ ಬೆಳಿಗ್ಗೆ

ರೀ,

ಇದನ್ನು ಅಂಚೆಗೆ ಹಾಕುವುದಿಲ್ಲ, ಡೈನಿಂಗ್ ಟೇಬಲ್ಲಿನ ಮೇಲೆ ಇಟ್ಟು ಹೋಗುತ್ತೇನೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಮೂರು ದಿನದಿಂದ ದಿನಕ್ಕಿಷ್ಟು. ಇದನ್ನು ಯಾರ ಕೈಯಲ್ಲೂ ಬರೆಸಬಾರದು ಅಂತ.

ಹನ್ನೊಂದನೇ ತಾರೀಕು ಮಳೆ ಬಂದು ಹಿತ್ತಿಲ ಹಲಗೆ ಪಾಚಿ ಕಟ್ಟಿತ್ತು. ಕರಿಬೇವಿನ ಕುಂಡ ಒಳಗಿಡಲು ಹೋಗಿ ಜಾರಿ ಬಿದ್ದೆ. ಸಿರಿಶಾ ಎಡಿನ್‌ಬರೋದಲ್ಲಿ. ಅಡುಗೆಮನೆಗೆ ಹೇಗೋ ಬಂದರೆ ಫ್ರಿಜ್ಜಿನ ಮೇಲೆ ನೀವು ಅಂಟಿಸಿಟ್ಟ ಒಂದೇ ಒಂದು ನಂಬರು, ಅದು ಗ್ರೀನ್‌ಫರ್ಡಿನದು. ಬೇರೆ ಗತಿಯಿರಲಿಲ್ಲ, ಮಾಡಿದೆ. ನಲವತ್ತು ನಿಮಿಷದಲ್ಲಿ ಟ್ಯಾಕ್ಸಿಯಲ್ಲಿ ಬಂದರು. ಆಸ್ಪತ್ರೆಯಲ್ಲಿ ಆರು ಗಂಟೆ ನನ್ನ ಪಕ್ಕ ಕೂತಿದ್ದರು. ನಿಮಗೆ ಹೇಳುವುದು ಬೇಡ, ನೀವು ಓಡಿ ಬಂದುಬಿಡುತ್ತೀರಿ ಅಂತ ನಾನೇ ಆಣೆ ಹಾಕಿಸಿದೆ. ಜಾಹ್ನವಿಯ ಹೆಸರು ಹೇಳಿದ್ದೂ ನಾನೇ.

ಮಾರನೆಯ ದಿನದಿಂದ ಎರಡು ಬಸ್ಸು ಬದಲಿಸಿ ದಿನಾ ಬಂದರು. ಮೊದಲ ದಿನ ಕೈಯಲ್ಲಿ ಒಂದು ಹೊಸ ಬಾಣಲೆ, ಒಂದು ಹೊಸ ಪಾತ್ರೆ. ಸ್ಟಿಕ್ಕರ್ ಕೂಡ ಕಿತ್ತಿರಲಿಲ್ಲ. ನಮ್ಮ ಮನೆಯಲ್ಲಿ ಪಾತ್ರೆಗೆ ಬರವೇನು? ನಾನು ನಿಮ್ಮ ಪಾತ್ರೆ ಮುಟ್ಟಿದರೆ ನಿಮಗೆ ಬೇಸರ ಆಗ್ಬಾರದಲ್ಲ, ಅದಕ್ಕೆ ಅಂದರು. ನಾನು ನೆಲ ನೋಡಿದೆ. ಆ ಬಾಣಲೆಯನ್ನು ಮೇಲಿನ ಕಪಾಟಿನಲ್ಲಿಟ್ಟು, ನಮ್ಮ ಅಮ್ಮ ಕೊಟ್ಟ ಕಂಚಿನ ಪಾತ್ರೆಯನ್ನು ನಾನೇ ಎಡಗೈಯಲ್ಲಿ ತೆಗೆದುಕೊಟ್ಟೆ. ನನ್ನ ತಲೆಗೆ ನೀರು ಹಾಕಿದ್ದು, ಜಡೆ ಹೆಣೆದದ್ದು ಎಲ್ಲ ಅವರೇ. ನನ್ನ ಜಡೆಯನ್ನು ಇನ್ನೊಬ್ಬರು ಹೆಣೆದು ನಲವತ್ತು ವರ್ಷವಾಗಿತ್ತು.

ಐದು ದಿನ ಕಳೆಯುವುದರೊಳಗೆ ನನಗೆ ಅನ್ನ ಸೇರದಾಯಿತು. ಇವರು ನನಗೆ ತುತ್ತು ಕಲಸಿಕೊಡುತ್ತಿದ್ದಾರೆ, ಅಲ್ಲಿ ನೀವು ಇವರ ಗಂಡನಿಗೆ ಬೇಡ ಅಂತ ಹೇಳುತ್ತಿರಬಹುದು. ನಿಮಗೆ ಬರೆಯಬೇಕು, ಬರೆಯಲು ಇವರನ್ನು ಬಿಟ್ಟರೆ ಯಾರೂ ಇಲ್ಲ. ಕೊನೆಗೆ ಎದುರು ಕೂರಿಸಿಕೊಂಡು ಹೇಳಿಬಿಟ್ಟೆ, ನಾನು ನನ್ನ ಗಂಡನನ್ನು ಕಳಿಸಿದ್ದು ನಿಮ್ಮ ಮಗ ಬೇಡ ಅನ್ನಲು ಅಂತ. ಪೆನ್ನು ಕೆಳಗಿಟ್ಟರು. ಎದ್ದು ಹೋಗುತ್ತಾರೆ ಅಂದುಕೊಂಡೆ. ಸೆರಗಿನಿಂದ ಕಣ್ಣೊರೆಸಿಕೊಂಡು, ನಾನೂ ಹಾಗೇ ಕಳಿಸಿದ್ದು ವೇದಕ್ಕ, ಅಂದರು. ಝೇವಿಯರ್ ಅವರಿಗೆ ಫೋನಿನಲ್ಲಿ ಹೇಳಿದರೆ ನನ್ನ ಕೈಯ ವಿಷಯವೂ ಹೊರಬೀಳುತ್ತದೆ, ಅದು ಬೇಡ ಅಂದೆ. ಆಮೇಲೆ ಪೆನ್ನು ತೆಗೆದುಕೊಂಡು, ಹೇಳಿ, ಎಂತ ಬರೀಲಿ ಅಂದರು.

ನಿಮ್ಮ ಇಪ್ಪತ್ತನೇ ತಾರೀಕಿನ ಕಾಗದ ಗುರುವಾರ ಬಂತು. ದೋಣಿಯ ಭಾಗ ಓದಿ ನಗು ಬಂತು. ಡಿಸೆಂಬರಿನ ಭಾಗಕ್ಕೆ ಬಂದು ಕಾಗದ ಮಡಿಸಿಟ್ಟೆ. ಆ ಮಧ್ಯಾಹ್ನವೆಲ್ಲ ನಿಮ್ಮ ಮೇಲೆ ಬೆಂಕಿಯಂಥ ಸಿಟ್ಟು. ನಿಮಗೆ ಡಿಸೆಂಬರ್, ನನಗೆ ಯುಗಾದಿ, ಅದೂ ವಿಭಾಳ ಬಾಯಿಂದ. ಎಲ್ರಾಯ್ ಒಳ್ಳೆಯವನಲ್ಲ ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಪದ್ಧತಿ ಗಿದ್ಧತಿ ಎಲ್ಲ ನಾನು ಮುಂದಿಟ್ಟ ಮಾತು. ಹೆತ್ತ ತಾಯಿಗೆ ಎಲ್ಲರಿಗಿಂತ ಕೊನೆಗೆ ಗೊತ್ತಾಯಿತಲ್ಲ, ಅದೇ ನನ್ನ ಸಂಕಟ.

ಸಂಜೆ ಸಿರಿಶಾ ಬಂದಳು. ಕೇಳಿಯೇಬಿಟ್ಟೆ, ಅಪ್ಪನಿಗೆ ಮೊದಲು ಹೇಳಿದವಳು ನನಗೆ ಯಾಕೆ ಹೇಳಲಿಲ್ಲ ಅಂತ. ಅವಳು ಇಂಗ್ಲಿಷಿನಲ್ಲಿ ಏನೋ ಶುರು ಮಾಡಿ ನಿಲ್ಲಿಸಿದಳು. ಆಮೇಲೆ ಕನ್ನಡದಲ್ಲಿ, ಒಂದೊಂದೇ ಮಾತು ಹುಡುಕಿ ಹೇಳಿದಳು.

“ಅಪ್ಪ ಬೇಡ ಅಂದಿದ್ರೆ ನಾನು ಜಗಳ ಆಡ್ತಿದ್ದೆ, ಅಮ್ಮ. ನೀನು ಬೇಡ ಅಂದಿದ್ರೆ ನನಗೆ ಏನೂ ಮಾಡಕ್ಕೆ ಆಗ್ತಿರ್ಲಿಲ್ಲ. ಅದಕ್ಕೆ ಹೆದರಿಕೆ ಆಯ್ತು.”

ಮೂವತ್ತೊಂದು ವರ್ಷದ ಮಗಳು ನನ್ನ ಪ್ಲಾಸ್ಟರ್ ಕೈಯ ಮೇಲೆ ತಲೆಯಿಟ್ಟು ಅತ್ತಳು. ನೋವಾಗುತ್ತಿತ್ತು, ತೆಗೆ ಅನ್ನಲಿಲ್ಲ.

ಹೇಗೆ ಮದುವೆ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಕೌನ್ಸಿಲ್ ಕಚೇರಿಯಲ್ಲಿ ಸಹಿ ಹಾಕುತ್ತೇವೆ, ಉಳಿದದ್ದು ನೀವು ನೀವೇ ನೋಡಿಕೊಳ್ಳಿ ಅಂತ ಮಕ್ಕಳು ಕೈತೊಳೆದುಕೊಂಡಿದ್ದಾರೆ. ಇಗರ್ಜಿಯ ಆಶೀರ್ವಾದ ಮೊದಲೋ, ಧಾರೆ ಮೊದಲೋ ಅಂತ ನಾನೂ ವೈಲೆಟ್ಟೂ ದಿನಾ ಹೊಡೆದಾಡುತ್ತಿದ್ದೇವೆ. ನಿನ್ನೆ ನಾನು ಗೆದ್ದೆ. ಇವತ್ತು ಅವರ ಮನೆ, ಅವರು ಗೆಲ್ಲಬಹುದು.

ಈಗ ಹೊರಗೆ ಎಲ್ರಾಯ್ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದಾನೆ, ಗ್ರೀನ್‌ಫರ್ಡಿಗೆ ಹೊರಟಿದ್ದೇವೆ. ಊಟ ಒಂದು ಗಂಟೆಗೆ. ಝೇವಿಯರ್ ಅವರು ಮೆಟ್ಟಿಲ ಮೇಲೆ ಕೂತು ಊಟ ಮಾಡುವುದು ಇವತ್ತಿಗೆ ಮುಗಿಯಿತು ಅಂತ ಅವರಿಗೆ ಹೇಳಿ. ನೀವು ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ಬನ್ನಿ. ಸಿಟ್ಟು ಇನ್ನೂ ಸ್ವಲ್ಪ ಉಳಿದಿದೆ. ಎದುರಿಗೆ ಬಂದರೆ ಅದೂ ಹೋಗಬಹುದು.

ವೇದಾ